ಮೈ ಪಳಗುವ ಬಗೆ

ಕಳ್ಳಂಬೆಳ್ಳದ ಕೆರೆ ಏರಿ ಮೇಲೆ ದಿನಾ ನಡೆಯುವ ಕಾಲು ನನ್ನದು. ಆ ಧೈರ್ಯದಲ್ಲೇ ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದೆ. ಇಳಿಯುವಾಗ ತೊಡೆ ಗಡಗಡ ನಡುಗಿತು. ಮಾರನೆಯ ದಿನ ಮೀನಖಂಡ ಹಿಡಿದುಕೊಂಡು, ಹೊಸ್ತಿಲು ದಾಟಲೂ ಗೋಡೆ ಆಸರೆ ಬೇಕಾಯಿತು. ನಾಲ್ಕು ಭಾನುವಾರ ಬಿಡದೆ ಹತ್ತಿದೆ. ಆಮೇಲೆ ಅದೇ ಬಂಡೆ, ಅದೇ ಕಾಲು, ನೋವೇ ಇಲ್ಲ. ‘ಮೈ ಪಳಗ್ತು ಬಿಡಪ್ಪ’ ಅಂದಳು ಅವ್ವ.

ಈ ಪಳಗುವಿಕೆಯ ಗುಟ್ಟು ಹುಡುಕಲು ಮೊದಲು ಸ್ನಾಯುವಿನ ಚೂರು ಕೈಗೆ ಸಿಗಬೇಕಿತ್ತು. 1962ರಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಸೂಜಿಯಿಂದ ಅದನ್ನು ತೆಗೆಯುವ ದಾರಿ ತೋರಿಸಿದರು. 1967ರಲ್ಲಿ ಅಮೆರಿಕದ ಜಾನ್ ಹಾಲೊಸ್ಜಿ ಇಲಿಗಳನ್ನು ವಾರಗಟ್ಟಲೆ ಓಡಿಸಿ ನೋಡಿದರು: ಜೀವಕೋಶದ ಒಲೆಯಾದ ಮೈಟೊಕಾಂಡ್ರಿಯದ ಕಸುವು ಸುಮಾರು ಎರಡು ಪಟ್ಟಾಗಿತ್ತು. ಆ ಒಲೆಗಳನ್ನು ಹೆಚ್ಚಿಸುವ ಮೇಸ್ತ್ರಿಯೊಂದು 1998ರಲ್ಲಿ ಬ್ರೂಸ್ ಸ್ಪೀಗಲ್‌ಮನ್ ತಂಡಕ್ಕೆ ಸಿಕ್ಕಿತು. ಹೆಸರು ಪಿಜಿಸಿ-1 ಆಲ್ಫಾ. ಸ್ನಾಯು ಬಿಗಿದಾಗ ಕ್ಯಾಲ್ಸಿಯಂ ಏರುತ್ತದೆ, ಕೂಡಿಟ್ಟ ಶಕ್ತಿ ಕರಗುತ್ತದೆ; ಆ ಸುದ್ದಿ ಮುಟ್ಟಿದ ಕೆಲವೇ ಗಂಟೆಗಳಲ್ಲಿ ಈ ಮೇಸ್ತ್ರಿಯ ಜೀನ್ ಎಚ್ಚರಾಗುತ್ತದೆ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು 2014ರಲ್ಲಿ ಬಂದ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ಪ್ರಯೋಗ. 23 ಮಂದಿ ಮೂರು ತಿಂಗಳು, ವಾರಕ್ಕೆ ನಾಲ್ಕು ದಿನ, 45 ನಿಮಿಷ ಪೆಡಲ್ ತುಳಿದರು, ಅದೂ ಒಂದೇ ಕಾಲಲ್ಲಿ! ಉಂಡ ಅನ್ನ, ಮಲಗಿದ ನಿದ್ದೆ, ಅಪ್ಪ-ಅಮ್ಮ ಕೊಟ್ಟ ಜೀನ್ ಎರಡೂ ಕಾಲಿಗೆ ಒಂದೇ. ಆದರೂ ದುಡಿದ ಕಾಲಿನ ಡಿಎನ್‌ಎಯಲ್ಲಿ ಸುಮಾರು 5,000 ಜಾಗಗಳಲ್ಲಿ ಮೀಥೈಲ್ ಗುರುತುಗಳು ಬದಲಾಗಿದ್ದವು. ಈ ಪುಟ್ಟ ಗುರುತು ಕೂತ ಕಡೆ ಜೀನ್ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಎದ್ದ ಕಡೆ ಕೆಲಸ ಶುರುಮಾಡುತ್ತದೆ. ವಂಶದಿಂದ ಬಂದ ಅಕ್ಷರ ಒಂದೂ ಅಳಿಯಲಿಲ್ಲ. ಅದನ್ನು ಓದುವ ರೀತಿ ಬೇರೆಯಾಯಿತು. ಹಣೆಬರಹ ಅಂತ ಕೈಕಟ್ಟಿ ಕೂರುವವರಿಗೆ ನಾನು ಈ ಕಾಲಿನ ಕಥೆಯನ್ನೇ ಹೇಳುತ್ತೇನೆ.

2018ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ಎಂಟು ಜನರಿಂದ ಏಳು ವಾರ ಭಾರ ಎತ್ತಿಸಿ, ಏಳು ವಾರ ಬಿಡಿಸಿ, ಮತ್ತೆ ಏಳು ವಾರ ಎತ್ತಿಸಿದರು. ಬಿಟ್ಟಾಗ ಸ್ನಾಯು ಇಳಿಯಿತು. ಆದರೆ ಕೆಲವು ಜೀನ್‌ಗಳ ಮೇಲಿಂದ ಎದ್ದುಹೋದ ಗುರುತು ಮರಳಿ ಕೂರಲೇ ಇಲ್ಲ. ಎರಡನೇ ಸಲ ಸ್ನಾಯು ಮೊದಲಿಗಿಂತ ಚೆನ್ನಾಗಿ ತುಂಬಿಕೊಂಡಿತು.

ಮಳೆಗೆ ಬಂಡೆ ಜಾರುತ್ತದೆಂದು ನಾನು ಮೂರು ತಿಂಗಳು ಬೆಟ್ಟ ಬಿಟ್ಟಿದ್ದೆ. ದಸರಾ ಕಳೆದ ಮೇಲೆ ಮತ್ತೆ ಹತ್ತಿದೆ. ಈ ಸಲ ತೊಡೆಯ ನಡುಕ ಎರಡನೇ ಭಾನುವಾರಕ್ಕೇ ನಿಂತಿತು.