ಎಳೆಯ ಮಕ್ಕಳ ಕಣ್ಣುಮಿಟುಕೂ ಹೆಗಲ ಸೆಳೆತವೂ: ಕಾರಣವೇನು, ಮಾಡತಕ್ಕದ್ದೇನು?



ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಗೃಹಿಣಿಯರಿಗೆ ಉಪಯೋಗವಾಗುವಂಥ ಒಂದು ಲೇಖನವನ್ನು ಬರೆಯಬೇಕೆಂದು ನನಗೆ ಅಪ್ಪಣೆಯಾದಾಗ, ಎರಡು ವರುಷಗಳಿಂದ ನನ್ನ ಮನಸ್ಸನ್ನು ತುಂಬಿಕೊಂಡಿರುವ ಒಂದು ವಿಷಯದ ಹೊರತು ಬೇರೇನೂ ಹೊಳೆಯಲಿಲ್ಲ. ಇದರಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗುವದು. ಆದಾಗ್ಯೂ ಇದನ್ನೋದಿ ಒಂದು ಕೂಸಾದರೂ ಏಟಿನಿಂದ ತಪ್ಪಿಸಿಕೊಂಡರೆ ಸಾಕೆಂದು ಬರೆಯಲು ಕೂತಿದ್ದೇನೆ.

ನಾನು ಲಗ್ನವಾಗಿ ಬಂದ ಊರು ಅಫಜಲಪುರ ತಾಲೂಕಿನ ಹವಳಗಾ. ನಮ್ಮಲ್ಲಿ ಸಕ್ಕರೆ ಕಾರ್ಖಾನೆಯಿರುವದರಿಂದ ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲಿರುಳು ಗಾಡಿಗಳು ಓಡಾಡಿ ರಸ್ತೆಯೆಲ್ಲ ಧೂಳಾಗುತ್ತದೆ. ಅಂಥ ಒಂದು ಹಂಗಾಮಿನಲ್ಲಿ ಆರು ವರುಷದ ನನ್ನ ಮಗನು ಪದೇ ಪದೇ ಕಣ್ಣು ಮಿಟುಕಿಸತೊಡಗಿದನು. ಧೂಳು ಬಿದ್ದಿರಬಹುದೆಂದು ತಣ್ಣೀರಿನಿಂದ ತೊಳೆದೆವು. ಒಂದು ತಿಂಗಳಿಗೆ ಕಣ್ಣಿನದು ಕಡಿಮೆಯಾಯಿತು. ಮೂಗು ಸುರ್ರೆನ್ನಿಸುವದು ಶುರುವಾಯಿತು. ಅದರ ತರುವಾಯ ಎಡಹೆಗಲನ್ನು ಎಗರಿಸುವದು, ಗಂಟಲಲ್ಲಿ ಕೆಮ್ಮಿದಂತೆ ಸದ್ದು ಮಾಡುವದು ಬಂದವು. ಅತ್ತೆಯವರು ನದರು ತಾಗಿದೆಯೆಂದು ದೃಷ್ಟಿ ತೆಗೆದರು. ನೆರೆಯವರಲ್ಲಿ ಒಬ್ಬರು ಗಾಣಗಾಪುರಕ್ಕೆ ಹರಕೆ ಹೊರಲು ಹೇಳಿದರು. ಮತ್ತೊಬ್ಬರು ಆಳಂದದ ದರ್ಗಾಕ್ಕೆ ಕರೆದೊಯ್ಯಿರೆಂದರು. ಓದು ಬಲ್ಲವಳಾದ ನಾನಾದರೋ, ಇದು ಕೆಟ್ಟ ಚಾಳಿಯೆಂದೂ ಶಿಸ್ತಿನಿಂದ ಹೋಗುವದೆಂದೂ ತೀರ್ಮಾನಿಸಿದೆನು. ಒಂದು ಸಾಯಂಕಾಲ ಪಾಠ ಓದಿಸುವಾಗ ಅವನು ಮೇಲಿಂದ ಮೇಲೆ ಹೆಗಲು ಎಗರಿಸಲಾಗಿ, ತಾಳಲಾರದೆ ಅವನ ಕೆನ್ನೆಗೆ ಹೊಡೆದೆನು. ಅವನು ಅಳುತ್ತಾ, “ಅವ್ವಾ, ನಾ ಬೇಕಂತ ಮಾಡಲ್ಲವ್ವಾ, ಅದು ತಾನೇ ಬರ್ತದ” ಅಂದನು.

ಆ ಮಾತು ಅಕ್ಷರಶಃ ಸತ್ಯವಾಗಿತ್ತೆಂಬದು ಮರುವಾರ ಕಲಬುರಗಿಯ ಒಬ್ಬ ಮಕ್ಕಳ ವೈದ್ಯರ ಬಳಿಗೆ ಹೋದಾಗ ನನಗೆ ತಿಳಿಯಿತು. ಅಲ್ಲಿ ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ಇದು ಏನು? ಇದಕ್ಕೆ ವೈದ್ಯರು ‘ಟಿಕ್’ ಎಂದು ಹೆಸರಿಟ್ಟಿದ್ದಾರೆ. ಹಠಾತ್ತಾಗಿ, ಬಲು ಬೇಗನೆ, ಒಂದೇ ಬಗೆಯಾಗಿ ಮರುಕಳಿಸುವ ಚಲನೆಗೂ ಸದ್ದಿಗೂ ಈ ಹೆಸರು ಸಲ್ಲುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಐದು ಮಕ್ಕಳಲ್ಲಿ ಒಂದು ಮಗುವಿಗೆ ಎಂದಾದರೊಮ್ಮೆ ಇಂಥದು ಕಾಣಿಸಿಕೊಳ್ಳಬಹುದು. ಬಹುತೇಕರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಹೋಗುವದು. ಚಲನೆಯ ಟಿಕ್‌ಗಳು ಒಂದಕ್ಕಿಂತ ಹೆಚ್ಚಾಗಿದ್ದು, ಧ್ವನಿಯ ಟಿಕ್ ಒಂದಾದರೂ ಕೂಡಿಕೊಂಡು, ಪ್ರಾರಂಭವಾಗಿ ಒಂದು ವರುಷ ದಾಟಿದರೆ ಅದನ್ನು ‘ಟುರೆಟ್ ಸಿಂಡ್ರೋಮ್’ ಎನ್ನುತ್ತಾರೆ. 1885ರಲ್ಲಿ ಪ್ಯಾರಿಸ್ ನಗರದ ಗಿಲ್ ದ ಲಾ ಟುರೆಟ್ ಎಂಬ ವೈದ್ಯನು ಇಂಥ ಒಂಬತ್ತು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ್ದರಿಂದ ಅವನ ಹೆಸರೇ ನಿಂತಿತು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಮೂರು ನಾಲ್ಕು ಪಟ್ಟು ಹೆಚ್ಚು. ಸಾಮಾನ್ಯವಾಗಿ ನಾಲ್ಕರಿಂದ ಆರು ವರುಷದೊಳಗೆ ತಲೆದೋರಿ, ಹತ್ತರಿಂದ ಹನ್ನೆರಡರಲ್ಲಿ ಅತಿಶಯವಾಗಿ, ಪ್ರಾಯಕ್ಕೆ ಬರುತ್ತಾ ಹೆಚ್ಚಿನವರಲ್ಲಿ ಇಳಿದುಹೋಗುತ್ತದೆ. ಕೆಲವರಲ್ಲಿ ಮಾತ್ರ ಕೊನೆಯ ವರೆಗೂ ಉಳಿಯುವದು.

ಕಾರಣವೇನು? ಮಿದುಳಿನ ಒಳಭಾಗದಲ್ಲಿ ‘ಬೇಸಲ್ ಗ್ಯಾಂಗ್ಲಿಯಾ’ ಎಂಬ ನರಕೇಂದ್ರಗಳುಂಟು. ಬೇಕಾದ ಚಲನೆಯನ್ನು ಬಿಟ್ಟು ಬೇಡವಾದದ್ದನ್ನು ತಡೆಯುವದು ಅವುಗಳ ಕೆಲಸಗಳಲ್ಲೊಂದು. ಕಾಲುವೆಯ ತೂಬು ಸರಿಯಾಗಿ ಮುಚ್ಚದಿದ್ದರೆ ನೀರು ಆಗಾಗ ಜಿನುಗಿ ಬಾರದ ಮಡಿಗೆ ಹರಿಯುವಂತೆ, ಈ ತಡೆ ಕೊಂಚ ಸಡಿಲಾದಲ್ಲಿ ಬೇಡದ ಚಲನೆ ಹೊರಬೀಳುತ್ತದೆಂದು ತಿಳಿಯಿರಿ. ಇದರಲ್ಲಿ ವಂಶದ ಪಾಲು ದೊಡ್ಡದು. ವೈದ್ಯರು ಕೇಳಿದಾಗಲೇ ನನ್ನ ಯಜಮಾನರು, ಚಿಕ್ಕಂದಿನಲ್ಲಿ ತಾವೂ ಕಣ್ಣು ಮಿಟುಕಿಸುತ್ತಿದ್ದದ್ದನ್ನು ನೆನಪು ಮಾಡಿಕೊಂಡರು. ತಾಯಿಯ ಮುದ್ದಾಗಲಿ, ತಂದೆಯ ಗದರಿಕೆಯಾಗಲಿ, ಯಾರದೋ ಕಣ್ಣಾಗಲಿ ಇದನ್ನು ಹುಟ್ಟಿಸುವದಿಲ್ಲ. ಆದರೆ ಹುಟ್ಟಿದ ಮೇಲೆ ಅದನ್ನು ಏರಿಸುವ ಸಂಗತಿಗಳುಂಟು: ದಣಿವು, ನಿದ್ದೆಗೇಡು, ಅಂಜಿಕೆ, ಅತಿಯಾದ ಉಲ್ಲಾಸ, ಮತ್ತು ಎಲ್ಲರೂ ಅದನ್ನೇ ದಿಟ್ಟಿಸಿ ನೋಡುವದು. ಮಗುವು ಮನಸ್ಸಿಟ್ಟು ಆಟದಲ್ಲಿಯೋ ಹಾಡಿನಲ್ಲಿಯೋ ತೊಡಗಿದಾಗ ಇಳಿಯುತ್ತದೆ. ನಿದ್ದೆಯಲ್ಲಿ ಬಹಳ ಮಟ್ಟಿಗೆ ಅಡಗುತ್ತದೆ.

ಹಾಗಾದರೆ, ಸ್ವಲ್ಪ ಹೊತ್ತು ತಡೆಯಬಲ್ಲ ಮಗುವು ಯಾವಾಗಲೂ ಏಕೆ ತಡೆಯಬಾರದು? ನನ್ನನ್ನು ತಪ್ಪುದಾರಿಗೆ ಎಳೆದದ್ದು ಇದೇ ಪ್ರಶ್ನೆ. ಸೀನು ಬರುವ ಮುಂಚೆ ಮೂಗಿನೊಳಗೆ ಹೇಗೆ ಚಡಪಡಿಕೆಯಾಗುವದೋ ಹಾಗೆಯೇ ಅನೇಕರಿಗೆ ಟಿಕ್ ಬರುವ ಮುಂಚೆ ಆ ಅಂಗದಲ್ಲಿ ಒಂದು ತಹತಹವುಂಟಾಗುತ್ತದೆ. ಚಲನೆಯಾದ ಮೇಲೆಯೇ ಅದಕ್ಕೆ ಶಾಂತಿ. ಸೀನನ್ನು ಒಂದು ಕ್ಷಣ ಹಿಡಿಯಬಹುದು, ದಿನವಿಡೀ ಹಿಡಿಯಲಾಗದು. ನನ್ನ ಮಗನು ಶಾಲೆಯಲ್ಲಿ ಗೆಳೆಯರ ನಗೆಗೆ ಅಂಜಿ ತಡೆದುಕೊಂಡಿದ್ದು, ಮನೆಯೊಳಗೆ ಬಂದು ನೆಮ್ಮದಿಯಾದೊಡನೆ ಬಿಡುತ್ತಿದ್ದನು. ನಾನು ಅದನ್ನು ಉದ್ಧಟತನವೆಂದು ತಿಳಿದೆನು. ಅವನು ಅಂಜಿಕೆಯಿಲ್ಲದೆ ಇರಬಹುದಾದ ಸ್ಥಳವು ತಾಯಿಯ ಬಳಿಯೆಂದು ನಂಬಿದ್ದನು. ಆ ಸ್ಥಳದಲ್ಲಿಯೇ ಅವನಿಗೆ ಏಟು ಬಿತ್ತು.

ವೈದ್ಯರಿಗೆ ತೋರಿಸತಕ್ಕದ್ದು ಯಾವಾಗ? ಬರೇ ಕಣ್ಣುಮಿಟುಕಾದರೆ ಮೊದಲು ಕಣ್ಣು ಪರೀಕ್ಷಿಸಬೇಕು. ದೃಷ್ಟಿದೋಷ, ಧೂಳಿನ ಅಲರ್ಜಿಗಳೂ ಹಾಗೆ ಮಾಡಿಸುತ್ತವೆ. ಮಗುವು ಕೆಲವು ಕ್ಷಣ ಎಚ್ಚರ ತಪ್ಪಿದಂತೆ ಶೂನ್ಯವಾಗಿ ನೋಡಿದರೆ, ಅಥವಾ ಕರೆದರೂ ಓಗೊಡದಿದ್ದರೆ, ಅದು ಮೂರ್ಛೆರೋಗವಿರಬಹುದು. ಟಿಕ್‌ನಲ್ಲಿ ಎಚ್ಚರ ತಪ್ಪುವದಿಲ್ಲ. ಗಂಟಲು ನೋವು ಬಂದುಹೋದ ಕೆಲವು ವಾರ ಅಥವಾ ತಿಂಗಳುಗಳ ತರುವಾಯ ಕೈಕಾಲುಗಳು ನಾಟ್ಯದಂತೆ ಅಡ್ಡಾದಿಡ್ಡಿ ಚಲಿಸಿ, ಹಿಡಿದ ಲೋಟ ಜಾರಿ, ಅಕ್ಷರ ಕೆಟ್ಟರೆ ತಡ ಮಾಡಬೇಡಿರಿ. ಅದು ‘ಸಿಡನ್‌ಹ್ಯಾಮ್ ಕೊರಿಯಾ’ ಎಂಬ ಬೇರೆ ರೋಗ. ಸಂಧಿವಾತಜ್ವರದ ಒಂದು ರೂಪವಾದ್ದರಿಂದ ಅದರೊಡನೆ ಹೃದಯಕ್ಕೂ ಅಪಾಯವಿದೆ, ಮತ್ತು ಅದು ಹೆಣ್ಣುಮಕ್ಕಳಲ್ಲಿಯೇ ಹೆಚ್ಚು. ಹೊಸ ಔಷಧ ಪ್ರಾರಂಭಿಸಿದ ಮೇಲೆ ಸೆಳೆತ ಬಂದರೂ ತಿಳಿಸಬೇಕು. ಟಿಕ್ ಇರುವ ಮಕ್ಕಳಲ್ಲಿ ಚಂಚಲತೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕೆನ್ನುವ ಒತ್ತಾಯ, ಮಿತಿಮೀರಿದ ಅಂಜಿಕೆಗಳು ಕೂಡಿರುವದುಂಟು. ಅನೇಕ ವೇಳೆ ಟಿಕ್‌ಗಿಂತ ಇವೇ ಓದನ್ನು ಕೆಡಿಸುತ್ತವೆ. ಆದಕಾರಣ ಇವನ್ನೂ ಮರೆಯದೆ ಹೇಳಬೇಕು. ಮೊಬೈಲಿನಲ್ಲಿ ಅರ್ಧ ನಿಮಿಷದ ಚಿತ್ರ ತೆಗೆದುಕೊಂಡು ಹೋದರೆ ಬಹು ಉಪಕಾರವಾಗುವದು, ಯಾಕಂದರೆ ವೈದ್ಯರ ಮುಂದೆ ಕೂತಾಗ ಅದು ಅನೇಕ ವೇಳೆ ಕಾಣಿಸಿಕೊಳ್ಳುವದೇ ಇಲ್ಲ.

ಉಪಾಯವೇನು? ಮೊದಲನೆಯದು, ಮಗುವಿಗೂ ಮನೆಯವರಿಗೂ ತಿಳಿಯ ಹೇಳಿ, ಚಲನೆಯನ್ನು ಕಂಡೂ ಕಾಣದಂತಿರುವದು. ಸೌಮ್ಯವಾದ ಟಿಕ್‌ಗೆ ಹೆಚ್ಚಾಗಿ ಇಷ್ಟೇ ಸಾಕು. ಎರಡನೆಯದು, ಅಭ್ಯಾಸದಿಂದ ಕಲಿಸುವ ಚಿಕಿತ್ಸೆ. ತಹತಹವನ್ನು ಗುರುತಿಸಿ, ಟಿಕ್‌ಗೆ ಎದುರಾದ ಇನ್ನೊಂದು ಸಣ್ಣ ಚಲನೆಯಿಂದ ಅದನ್ನು ಸಾಗಿಸಿಬಿಡುವದನ್ನು ಮಗುವಿಗೆ ಕಲಿಸುತ್ತಾರೆ. ಹೆಗಲು ಎಗರುವಂತಾದಾಗ ಮೊಳಕೈಯನ್ನು ಮೆಲ್ಲಗೆ ಪಕ್ಕೆಗೆ ಒತ್ತಿ ಹಿಡಿಯುವದು ಇದಕ್ಕೆ ಉದಾಹರಣೆ. 2010ರಲ್ಲಿ ಅಮೆರಿಕಾದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 9ರಿಂದ 17 ವರುಷದ 126 ಮಕ್ಕಳಿದ್ದರು. ಈ ಶಿಕ್ಷಣ ಪಡೆದವರಲ್ಲಿ ನೂರಕ್ಕೆ ಸುಮಾರು 53 ಮಕ್ಕಳು ಚೆನ್ನಾಗಿ ಸುಧಾರಿಸಿದರು. ಬರೇ ತಿಳುವಳಿಕೆ ಮತ್ತು ಧೈರ್ಯದ ಮಾತು ಪಡೆದವರಲ್ಲಿ ನೂರಕ್ಕೆ ಸುಮಾರು 19. ಮೂರನೆಯದು ಔಷಧ. ಟಿಕ್‌ನಿಂದ ನೋವಾಗುವಾಗ, ಓದಿಗೆ ಅಡ್ಡಿಯಾಗುವಾಗ ವೈದ್ಯರು ಕ್ಲೋನಿಡಿನ್ ಮೊದಲಾದವನ್ನು ಕೊಡುತ್ತಾರೆ. ಇವು ಟಿಕ್ ಅನ್ನು ತಗ್ಗಿಸುತ್ತವೆ, ಬೇರುಸಹಿತ ಕೀಳುವದಿಲ್ಲ. ಅವುಗಳಿಗೆ ತಕ್ಕ ಉಪದ್ರವಗಳೂ ಇರುವದರಿಂದ ನೆರೆಯವರ ಮಾತಿನಿಂದ ಕೊಡಲೂ ಬಾರದು, ತಾವಾಗಿ ನಿಲ್ಲಿಸಲೂ ಬಾರದು.

ಹರಕೆಯಿಂದಲೂ ಪ್ರಾರ್ಥನೆಯಿಂದಲೂ ತಾಯಿಯ ಮನಸ್ಸಿಗೆ ಸಮಾಧಾನವಾಗುವದಾದರೆ ಅದನ್ನು ನಾನು ಹಳಿಯುವದಿಲ್ಲ. ಆದರೆ ಬರೆ ಹಾಕಿಸುವದು, ಉಪವಾಸ ಕೆಡವುವದು, ಕಟ್ಟಿ ಕೂಡಿಸುವದು ಮಗುವಿಗೆ ಮಾಡುವ ಹಿಂಸೆಯೇ ಹೊರತು ಉಪಾಯವಲ್ಲ.

ನಮ್ಮ ಸೀಮೆಯವರು ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನು ಕಾಣಬಹುದು. ಹೆಚ್ಚಿನ ಸಹಾಯಕ್ಕೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಿವೆ. ದೂರ ಹೋಗಲಾರದವರಿಗಾಗಿ 2022ರ ಅಕ್ಟೋಬರಿನಲ್ಲಿ ಸರ್ಕಾರವು ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯನ್ನು ಪ್ರಾರಂಭಿಸಿದೆ. 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಕಡೆಯದಾಗಿ ಶಾಲೆಯ ಮಾತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಶಿಕ್ಷಕಿಯರಾಗಿದ್ದೀರಿ. ತರಗತಿಯಲ್ಲಿ ಇಂಥ ಮಗುವಿದ್ದರೆ ಪಕ್ಕದ ಸಾಲಿನಲ್ಲಿ ಕೂಡಿಸಿರಿ, ಬೇಕೆಂದಾಗ ಎರಡು ನಿಮಿಷ ಹೊರಗೆ ಹೋಗಿಬರಲು ಬಿಡಿರಿ, ಅಣಕಿಸುವವರನ್ನು ತಡೆಯಿರಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವನ್ನು ಹೊಡೆಯುವದನ್ನೂ ಮನನೋಯಿಸುವದನ್ನೂ ನಿಷೇಧಿಸಿದೆ. ಅಮೆರಿಕಾದ ಬ್ರ್ಯಾಡ್ ಕೋಹೆನ್ ಎಂಬವರು ಬಾಲ್ಯದಲ್ಲಿ ಇದೇ ಕಾರಣದಿಂದ ತರಗತಿಯ ಹೊರಗೆ ನಿಲ್ಲಬೇಕಾಗಿತ್ತು. ಒಬ್ಬ ಮುಖ್ಯಾಧ್ಯಾಪಕರು ಅವರನ್ನು ಸಭೆಯ ಮುಂದೆ ಕರೆದು, ಇದು ಏನೆಂದು ಎಲ್ಲರಿಗೂ ತಿಳಿಯುವಂತೆ ಅವರಿಂದಲೇ ಹೇಳಿಸಿದರು. ಆ ಬಾಲಕನು ಬೆಳೆದು ಶಿಕ್ಷಕನಾದನು. 2018ರ ಹಿಂದೀ ಚಿತ್ರ ‘ಹಿಚ್ಕಿ’ಗೆ ಅವರ ಬಾಳೇ ಆಧಾರ.

ನನ್ನ ಮಗನಿಗೆ ಈಗ ಎಂಟು ವರುಷ. ಕಣ್ಣುಮಿಟುಕು ಹೋಗಿದೆ, ಹೆಗಲು ಆಗಾಗ ಎಗರುವದು, ಪರೀಕ್ಷೆಯ ದಿನಗಳಲ್ಲಿ ಹೆಚ್ಚು. ಮುಂದೆ ಹೇಗಾಗುವದೋ ನಾನರಿಯೆ. ಆ ಸಾಯಂಕಾಲದ ಏಟಿಗಾಗಿ ನಾನು ಅವನನ್ನು ಕ್ಷಮೆ ಕೇಳಿದಾಗ ಅವನು ಅದನ್ನು ಮರೆತೇಬಿಟ್ಟಿದ್ದೆನೆಂದನು. ನಾನು ಮರೆತಿಲ್ಲ. ಪ್ರಿಯ ಸಹೋದರಿಯರೇ, ನಿಮ್ಮ ಮಗುವು “ತಾನೇ ಬರ್ತದ” ಎಂದರೆ, ಮೊದಲು ಅದನ್ನು ನಂಬಿರಿ. ಉಳಿದದ್ದನ್ನು ಆಮೇಲೆ ವಿಚಾರಿಸಿರಿ.