ಕಳುಹಿದುದು ತಲುಪಿತೇ?

ರಿಜಿಸ್ಟರ್ ಅಂಚೆಯಿದ್ದ ಕಾಲದಲ್ಲಿ ಹುಬ್ಬತಲೈಯಿಂದ ಉದಕಮಂಡಲಕ್ಕೆ ಮುಖ್ಯವಾದ ಕಾಗದವನ್ನು ಕಳುಹುವವರು ಅದರೊಡನೆ ಸ್ವೀಕೃತಿ ಚೀಟಿಯನ್ನೂ ಲಗತ್ತಿಸುತ್ತಿದ್ದರು. ಪಡೆದವರ ರುಜುವಿನೊಡನೆ ಆ ಚೀಟಿ ಹಿಂದಿರುಗಿದ ಮೇಲೆಯೇ ಅವರಿಗೆ ನೆಮ್ಮದಿ. ನಿಸ್ತಂತು ಜಾಲದ ನಡೆಯೂ ಹೀಗೆಯೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು.

1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ಅಲೋಹಾ ಜಾಲವು ರೇಡಿಯೋ ಮೂಲಕ ಗಣಕಗಳನ್ನು ಜೋಡಿಸಿದಾಗ, ಸ್ವೀಕೃತಿ ಬಾರದ ಸಂದೇಶವನ್ನು ಮತ್ತೆ ಕಳುಹುವ ಕ್ರಮವನ್ನು ಅನುಸರಿಸಿತು. 1997ರಲ್ಲಿ ಪ್ರಕಟವಾದ ವೈ-ಫೈ ನಿಯಮವೂ ಅದನ್ನೇ ಹೇಳುತ್ತದೆ. ಸಂದೇಶದ ತುಣುಕೊಂದು ಸರಿಯಾಗಿ ಮುಟ್ಟಿದರೆ, 2.4 ಗಿಗಾಹರ್ಟ್ಸ್ ತರಂಗದಲ್ಲಿ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಬಿಡುವಿನ ನಂತರ ಪಡೆದ ಯಂತ್ರವು ಸ್ವೀಕೃತಿಯನ್ನು ಕಳುಹುತ್ತದೆ. ಅದು ಬಾರದಿದ್ದರೆ ಕಳುಹಿದ ಯಂತ್ರವು ಕೆಲವು ಬಾರಿ ಯತ್ನಿಸಿ ಕೈಬಿಡುತ್ತದೆ.

ರೇಡಿಯೋ ಚಿಪ್ಪಿಗೂ ಗಣಕಕ್ಕೂ ನಡುವೆ ನಿಂತು ಈ ವರದಿಯನ್ನು ಒಪ್ಪಿಸುವ ತಂತ್ರಾಂಶವೇ ಡ್ರೈವರ್. ತುಣುಕು ತಲುಪಿತೇ, ಎಷ್ಟು ಯತ್ನವಾಯಿತು, ಯಾವ ವೇಗದಲ್ಲಿ ಎಂಬುದನ್ನು ಅದು ತಿಳಿಸುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಮಿನ್‌ಸ್ಟ್ರೆಲ್ ಎಂಬ ವಿಭಾಗವು ಈ ವರದಿಯನ್ನು ನಂಬಿಯೇ ಮುಂದಿನ ವೇಗವನ್ನು ನಿರ್ಣಯಿಸುತ್ತದೆ. ತಲುಪದುದನ್ನು ತಲುಪಿತೆಂದರೆ ವೇಗವು ಶಕ್ತಿಮೀರಿ ನಿಂತು ತುಣುಕುಗಳು ನಷ್ಟವಾಗುತ್ತವೆ. ತಲುಪಿದುದನ್ನು ಇಲ್ಲವೆಂದರೆ ವೇಗವು ವೃಥಾ ಕುಗ್ಗುತ್ತದೆ. ಸಂಕೇತದ ಗೆರೆಗಳು ತುಂಬಿದ್ದರೂ ಮಗುವಿನ ಪಾಠವು ತಡೆತಡೆದು ಬರುವಾಗ, ನಾವು ಬೆಟ್ಟವನ್ನು ದೂರುತ್ತೇವೆ!

ಈ ದೋಷವನ್ನು ಪತ್ತೆಹಚ್ಚುವುದು ಹೇಗೆ? ಡ್ರೈವರಿನ ವರದಿ, ಪಡೆದ ಯಂತ್ರದ ಲೆಕ್ಕ, ಗಾಳಿಯಲ್ಲಿ ಹಾದುಹೋಗುವ ಎಲ್ಲವನ್ನೂ ಸುಮ್ಮನೆ ಆಲಿಸುವ ಮೂರನೆಯ ಯಂತ್ರದ ದಾಖಲೆ, ಈ ಮೂರನ್ನೂ ತಾಳೆ ನೋಡಬೇಕು. ಗಾಳಿಯಲ್ಲಿ ಸ್ವೀಕೃತಿ ಕಂಡುಬಂದು ಡ್ರೈವರು ಇಲ್ಲವೆಂದರೆ, ತಪ್ಪು ದಾರಿಯದಲ್ಲ, ವರದಿಯದು ಎಂದು ಊಹಿಸಬಹುದು. 2009ರ ನಿಯಮದಂತೆ ಒಂದೇ ಸ್ವೀಕೃತಿಯು 64 ತುಣುಕುಗಳವರೆಗೆ ಉತ್ತರ ನೀಡಬಲ್ಲುದು, ತುಣುಕಿಗೊಂದು ಗುರುತಿನಂತೆ. ಅದನ್ನು ಓದುವಾಗ ಒಂದು ಸ್ಥಾನ ತಪ್ಪಿದರೂ ಒಬ್ಬನ ಹಾಜರಿ ಮತ್ತೊಬ್ಬನ ಹೆಸರಿಗೆ ಬಿದ್ದಂತೆ. ಎಲ್ಲರಿಗೂ ಒಟ್ಟಾಗಿ ಸಾರುವ ತುಣುಕಿಗಾದರೋ ಸ್ವೀಕೃತಿಯೇ ಇಲ್ಲ. ಅದಿಲ್ಲವೆಂದು ಸೋಲೆಂದು ಬರೆಯುವುದೂ ತಪ್ಪೇ.

ವಿದ್ಯಾರ್ಥಿವೇತನದ ಅರ್ಜಿಯನ್ನು ಕಳುಹಿಸುವ ಪೋಷಕರು ಗುಂಡಿ ಒತ್ತಿದೊಡನೆ ಎದ್ದುಹೋಗದೆ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಮಕ್ಕಳೂ ಒಂದನ್ನು ನೆನೆಯಲಿ: 'ಆಗಲಿಲ್ಲ' ಎಂಬ ನಿಜವನ್ನು ತಿದ್ದಬಹುದು, 'ಆಯಿತು' ಎಂಬ ಸುಳ್ಳನ್ನು ಮೊದಲು ಕಂಡುಹಿಡಿಯಬೇಕಾಗುತ್ತದೆ.