ಲೆಕ್ಕ ಕೇಳುವುದು ಅಗೌರವವಲ್ಲ

ನಮ್ಮ ಊರುಗಳಲ್ಲಿ ಜಾತ್ರೆ ಮುಗಿದು, ತೇರು ಮನೆ ಸೇರಿದ ಕೆಲವು ದಿನಗಳಿಗೆ ಜಾತ್ರಾ ಸಮಿತಿಯ ಹಿರಿಯರು ಸದ್ಭಕ್ತರನ್ನು ಒಂದೆಡೆ ಸೇರಿಸಿ ಜಮಾ-ಖರ್ಚು ಓದಿ ಹೇಳುವ ಪದ್ಧತಿಯುಂಟು. ಪಟ್ಟಿಯ ಹಣ ಬಂದದ್ದೆಷ್ಟು, ಕಾಳುಕಡಿ ಬಂದದ್ದೆಷ್ಟು, ಪ್ರಸಾದಕ್ಕೆ ತಗುಲಿದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನೆಲ್ಲ ಓದುತ್ತಾರೆ. ಆಗ ಹಿಂದೆ ಕುಳಿತವರೊಬ್ಬರು ಎದ್ದು, "ಎಣ್ಣೆಯ ಬಾಬ್ತು ಹೋದ ವರ್ಷಕ್ಕಿಂತ ಹೆಚ್ಚಾಗಿದೆಯಲ್ಲ, ಏಕೆ?" ಎಂದು ಕೇಳುತ್ತಾರೆ. ಸಮಿತಿಯವರು ಕಾರಣ ಹೇಳುತ್ತಾರೆ. ಹಾಗೆ ಕೇಳಿದವರನ್ನು ಯಾರೂ ಸಮಿತಿಯ ವೈರಿಯೆಂದು ಭಾವಿಸುವುದಿಲ್ಲ. ಹತ್ತು ಮನೆಯ ಹಣವು ಒಬ್ಬರ ಕೈಯಲ್ಲಿದ್ದಾಗ ಲೆಕ್ಕ ಕೇಳುವುದೂ ಧರ್ಮ, ಲೆಕ್ಕ ಕೊಡುವುದೂ ಧರ್ಮ.

ಜಾತ್ರೆಯ ಲೆಕ್ಕ ಸಾವಿರ, ಲಕ್ಷಗಳದ್ದು. ನಾಡಿನ ಲೆಕ್ಕವೋ ಲಕ್ಷ ಕೋಟಿಗಳದ್ದು. 2025ರ ಮಾರ್ಚ್ 7ರಂದು ಕರ್ನಾಟಕದ ವಿಧಾನಸಭೆಯಲ್ಲಿ ಮಂಡಿತವಾದ 2025-26ನೆಯ ಸಾಲಿನ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ನಾವು ಕೊಳ್ಳುವ ಸಾಬೂನಿನ ಮೇಲಿನ ತೆರಿಗೆಯಿಂದ ಹಿಡಿದು ಹೊಲ-ಮನೆಯ ನೋಂದಣಿ ಶುಲ್ಕದವರೆಗೆ ನಮ್ಮ ಸಂಸಾರದ ಹಣ ಅದರಲ್ಲಿ ಸೇರಿದೆ. ಈ ಹಣದ ಲೆಕ್ಕವನ್ನು ಕೇಳುವವರು ಯಾರು? ಹೇಗೆ ಕೇಳುತ್ತಾರೆ? ಅದರಲ್ಲಿ ನಮ್ಮ ಪಾಲಿನ ಕರ್ತವ್ಯವೇನು? ಇದನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕೆಂಬುದು ನಮ್ಮ ಆಶಯ.

ಕೇಳುವ ಹಕ್ಕು ಬಂದ ಬಗೆ

ಹಳೆಯ ಮೈಸೂರು ಸೀಮೆಯಲ್ಲಿ ಚಾಮರಾಜೇಂದ್ರ ಒಡೆಯರ ಆಳ್ವಿಕೆಯ ಕಾಲಕ್ಕೆ, ದಿವಾನ ರಂಗಾಚಾರ್ಲು ಅವರ ಮುಂದಾಳತ್ವದಲ್ಲಿ 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ದಸರೆಯ ದಿನಗಳಲ್ಲಿ ನಾನಾ ಕಡೆಗಳಿಂದ ಬಂದ ರೈತರು ಮತ್ತು ವರ್ತಕರ ಮುಂದೆ ಆಡಳಿತದ ವಿವರವನ್ನು ದಿವಾನರೇ ಇಟ್ಟರು. ಆ ಸಭೆಗೆ ಮತ ಹಾಕಿ ತೀರ್ಮಾನಿಸುವ ಅಧಿಕಾರವಿರಲಿಲ್ಲ. ಆದರೂ ಪ್ರಜೆಗಳ ಮುಂದೆ ಲೆಕ್ಕ ಹೇಳಬೇಕು ಎಂಬ ತತ್ತ್ವಕ್ಕೆ ಅಲ್ಲಿ ಬೀಜ ಬಿದ್ದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ದೊರೆಯಿತು.

ಅತ್ತ ಮುಂಬಯಿ ಮತ್ತು ಮದ್ರಾಸು ಪ್ರಾಂತಗಳ ಕನ್ನಡಿಗರು ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದರು. ಅಲ್ಲಿಯ ಶಾಸನ ಸಭೆಗಳ ಸದಸ್ಯರಿಗೆ ಸರ್ಕಾರವನ್ನು ಪ್ರಶ್ನಿಸುವ ಅವಕಾಶ ದೊರೆತದ್ದು 1892ರ ಕಾಯಿದೆಯಿಂದ. ಒಮ್ಮೆ ಕೇಳಬಹುದಾಗಿತ್ತು, ಕೊಟ್ಟ ಉತ್ತರದ ಮೇಲೆ ಮರುಮಾತು ಆಡುವಂತಿರಲಿಲ್ಲ. 1909ರ ಸುಧಾರಣೆಯಲ್ಲಿ ಮೂಲ ಪ್ರಶ್ನೆ ಕೇಳಿದವರಿಗೆ ಉಪಪ್ರಶ್ನೆಯ ಹಕ್ಕು ಬಂದಿತು. 1919ರ ಸುಧಾರಣೆಯ ನಂತರ ಇತರ ಸದಸ್ಯರಿಗೂ ಅದು ವಿಸ್ತರಿಸಿತು. ಇಂದು ಸಲೀಸಾಗಿ ಕಾಣುವ ಈ ಹಕ್ಕನ್ನು ನಮ್ಮ ಹಿರಿಯರು ಮೆಟ್ಟಿಲು ಮೆಟ್ಟಿಲಾಗಿ ಏರಿ ಪಡೆದರೆಂಬುದನ್ನು ಮರೆಯಲಾಗದು.

ಒಂದು ಪ್ರಶ್ನೆಯ ಪಯಣ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಬಹುದಿನಗಳಿಂದ ಖಾಲಿಯಿದೆ. ಹೆರಿಗೆಯ ನೋವಿನಲ್ಲಿರುವ ಹೆಣ್ಣುಮಗಳನ್ನು ನಡುರಾತ್ರಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ಇದು ಶಾಸಕರ ಕಿವಿಗೆ ಬೀಳುತ್ತದೆ. ಅವರು ಅಧಿವೇಶನಕ್ಕೆ ಮುಂಚಿತವಾಗಿ ವಿಧಾನಸಭೆಯ ಸಚಿವಾಲಯಕ್ಕೆ ಲಿಖಿತ ಸೂಚನೆ ಕೊಡುತ್ತಾರೆ. ಪ್ರಶ್ನೆಯು ಮಾಹಿತಿಯನ್ನು ಕೇಳುವಂತಿರಬೇಕು. ಅದರಲ್ಲಿ ನಿಂದೆಯಾಗಲಿ ವ್ಯಂಗ್ಯವಾಗಲಿ ಇರಕೂಡದು. ನ್ಯಾಯಾಲಯದ ಮುಂದಿರುವ ವಿಷಯವನ್ನು ಅದು ಕೆದಕಕೂಡದು. ಇವೇ ಮೊದಲಾದ ನಿಯಮಗಳಿಗೆ ಒಪ್ಪಿದರೆ ಸಭಾಧ್ಯಕ್ಷರು ಅದನ್ನು ಅಂಗೀಕರಿಸುತ್ತಾರೆ.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೆ ಉತ್ತರ ಲಿಖಿತ ರೂಪದಲ್ಲಿ ಬರುತ್ತದೆ. ವಿಧಾನ ಪರಿಷತ್ತಿನಲ್ಲಿಯೂ ಪ್ರಶ್ನೋತ್ತರ ಕಲಾಪವುಂಟು.

ಉತ್ತರ ಬರುವ ಮೊದಲೇ ಒಂದು ಉಪಕಾರ ನಡೆದುಹೋಗಿರುತ್ತದೆ. ಪ್ರಶ್ನೆಯು ಸಚಿವಾಲಯದಿಂದ ಆರೋಗ್ಯ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತದೆ. ಇಂತಿಷ್ಟು ದಿನದೊಳಗೆ ಮಾಹಿತಿ ಕಳುಹಿಸಬೇಕೆಂಬ ತಾಕೀತು ಬಂದಾಗ ಧೂಳು ಹಿಡಿದ ಕಡತವೂ ಕಣ್ಣು ತೆರೆಯುತ್ತದೆ.

ಆದರೆ ಪ್ರಶ್ನೆ ಸಡಿಲವಾಗಿದ್ದರೆ ಉತ್ತರವೂ ಜಾರುತ್ತದೆ. "ಗ್ರಾಮಾಂತರದಲ್ಲಿ ಆರೋಗ್ಯ ಸೇವೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಎಂದು ಕೇಳಿದರೆ, ಮೊದಲನೆಯದಕ್ಕೆ "ಬಂದಿರುವುದಿಲ್ಲ" ಎಂದೂ ಎರಡನೆಯದಕ್ಕೆ "ಉದ್ಭವಿಸುವುದಿಲ್ಲ" ಎಂದೂ ಎರಡು ಮಾತಿನಲ್ಲಿ ಮುಗಿಸಿಬಿಡಬಹುದು. ಅದರ ಬದಲು, ಇಂತಹ ಕೇಂದ್ರದಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಯಾವ ದಿನಾಂಕದಿಂದ ಖಾಲಿ, ಕಳೆದ ವರ್ಷ ಔಷಧಿಗೆ ಬಿಡುಗಡೆಯಾದ ಹಣವೆಷ್ಟು, ವೆಚ್ಚವಾದದ್ದೆಷ್ಟು, ಯಾವ ಕಾಲಮಿತಿಯಲ್ಲಿ ಹುದ್ದೆ ತುಂಬಲಾಗುವುದು ಎಂದು ಕೇಳಿದರೆ ಜಾರಲು ಎಡೆಯಿಲ್ಲ. "ಕ್ರಮ ಕೈಗೊಳ್ಳಲಾಗುವುದು" ಎಂದು ಮಂತ್ರಿಗಳು ಸದನದಲ್ಲಿ ಮಾತು ಕೊಟ್ಟರೆ ಅದೂ ಗಾಳಿಗೆ ಹೋಗಬಾರದು. ಅಂತಹ ಮಾತುಗಳ ಬೆನ್ನು ಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿಯೆಂಬುದು ಇದೆ.

ಹಣದ ಕೀಲಿಕೈ

ಪ್ರಶ್ನೆಗಿಂತಲೂ ದೊಡ್ಡ ಅಧಿಕಾರವೊಂದು ಶಾಸಕರ ಕೈಯಲ್ಲಿದೆ. ಸಂವಿಧಾನದ 266ನೆಯ ವಿಧಿಯಂತೆ, ಕಾನೂನಿನ ಸಮ್ಮತಿಯಿಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಮುಖ್ಯಮಂತ್ರಿಯಾದರೂ ಅಷ್ಟೇ, ಮುಖ್ಯ ಕಾರ್ಯದರ್ಶಿಯಾದರೂ ಅಷ್ಟೇ. ಇಲಾಖೆವಾರು ಅನುದಾನ ಬೇಡಿಕೆಗಳನ್ನು ವಿಧಾನಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಬಳಿಕ ಧನವಿನಿಯೋಗ ಮಸೂದೆ ಅಂಗೀಕಾರವಾಗಬೇಕು. ಬೇಡಿಕೆಯನ್ನು ಒಪ್ಪದ ಸದಸ್ಯರು ಕಡಿತದ ಸೂಚನೆ ಮಂಡಿಸಬಹುದು. ಲೋಕಸಭೆಯಲ್ಲಿ ನಿರ್ದಿಷ್ಟ ಕುಂದುಕೊರತೆಯೊಂದನ್ನು ಎತ್ತಿ ತೋರಲು ಬೇಡಿಕೆಯಲ್ಲಿ ಕೇವಲ 100 ರೂಪಾಯಿ ಕಡಿತ ಮಾಡಬೇಕೆಂದು ಸೂಚಿಸುವ ಪದ್ಧತಿಯಿದೆ. ನೂರು ರೂಪಾಯಿ ಅಲ್ಲಿ ನೆಪಮಾತ್ರ. ಜನರ ಸಂಕಟ ದಾಖಲೆಗೆ ಸೇರುವುದು ಮುಖ್ಯ.

ಹಣ ಕೊಟ್ಟ ಮೇಲೆ ಅದು ಉದ್ದೇಶಿಸಿದ ಕೆಲಸಕ್ಕೇ ಹೋಯಿತೇ ಎಂದು ನೋಡಬೇಡವೇ? ಆ ಕೆಲಸವನ್ನು ಸಂವಿಧಾನವು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರಿಗೆ ವಹಿಸಿದೆ. ರಾಜ್ಯದ ಲೆಕ್ಕಗಳ ಬಗ್ಗೆ ಅವರು ಕೊಡುವ ವರದಿಯನ್ನು ರಾಜ್ಯಪಾಲರು ವಿಧಾನಮಂಡಲದ ಮುಂದೆ ಇರಿಸುವ ಏರ್ಪಾಡು ಮಾಡುತ್ತಾರೆ. ಅದನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಕೈಗೆತ್ತಿಕೊಂಡು, ಇಲಾಖೆಯ ಉನ್ನತಾಧಿಕಾರಿಗಳನ್ನು ಕರೆಸಿ ವಿವರಣೆ ಕೇಳುತ್ತದೆ. ಲೋಕಸಭೆಯಲ್ಲಿ 1967ರಿಂದ ಈ ಸಮಿತಿಯ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ಸತ್ಸಂಪ್ರದಾಯ ಬೆಳೆದುಬಂದಿದೆ. ಖರ್ಚು ಮಾಡುವವರು ಒಂದು ಕಡೆಯವರು, ಲೆಕ್ಕ ನೋಡುವವರು ಇನ್ನೊಂದು ಕಡೆಯವರು. ಮನೆತನದಲ್ಲಿ ಸಂತೆ ಮಾಡಿ ಬಂದವರು ಒಬ್ಬರು, ಚೀಟಿ ಹಿಡಿದು ತಾಳೆ ನೋಡುವವರು ಇನ್ನೊಬ್ಬರು ಇರುವ ಹಾಗೆಯೇ ಇದು.

ವಿಶೇಷ ಸಂಗತಿಗಳಿಗಾಗಿ ಸದನ ಸಮಿತಿಗಳನ್ನು ರಚಿಸುವುದೂ ಉಂಟು. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿಯನ್ನು ಎ.ಟಿ. ರಾಮಸ್ವಾಮಿಯವರ ನೇತೃತ್ವದ ಜಂಟಿ ಸಮಿತಿಯು ಪರಿಶೀಲಿಸಿ 2007ರಲ್ಲಿ ವರದಿ ಕೊಟ್ಟಿತು. ಬೆಂಗಳೂರಿನ ಕೆರೆಗಳ ಒತ್ತುವರಿಯನ್ನು ಕುರಿತು ಕೆ.ಬಿ. ಕೋಳಿವಾಡರ ನೇತೃತ್ವದ ಸಮಿತಿಯು 2017ರಲ್ಲಿ ವರದಿ ನೀಡಿತು. ಆದರೆ ವರದಿ ಬರುವುದರೊಂದಿಗೆ ಕೆಲಸ ಮುಗಿಯುವುದಿಲ್ಲ. ವರದಿಯ ಮೇಲೆ ಏನು ನಡೆಯಿತೆಂದು ಮತ್ತೆ ಮತ್ತೆ ಕೇಳುವವರಿದ್ದರೆ ಮಾತ್ರ ಅದು ಫಲ ಕೊಡುತ್ತದೆ.

ತನ್ನವರನ್ನೇ ಕೇಳಿದ ಧೀರ

ಪ್ರಶ್ನೆ ಕೇಳುವುದು ವಿರೋಧ ಪಕ್ಷದವರ ಕೆಲಸ, ಆಳುವ ಪಕ್ಷದವರು ಮೇಜು ಕುಟ್ಟಿದರೆ ಸಾಕು ಎಂಬ ಭಾವನೆ ಹಲವರಲ್ಲಿದೆ. ಇದು ತಪ್ಪೆಂಬುದಕ್ಕೆ ಫಿರೋಜ್ ಗಾಂಧಿಯವರೇ ಸಾಕ್ಷಿ. ಅವರು ಆಳುವ ಪಕ್ಷದ ಸದಸ್ಯರು; ಪ್ರಧಾನಿ ನೆಹರೂ ಅವರ ಅಳಿಯಂದಿರು. 1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿತ್ತು. ಪಾಲಿಸಿದಾರರ ಹಣವನ್ನು ಹೀಗೇಕೆ ತೊಡಗಿಸಲಾಯಿತೆಂದು 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಅವರು ಪ್ರಬಲವಾಗಿ ಪ್ರಶ್ನಿಸಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ಬಹಿರಂಗವಾಗಿ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ನಂಟಸ್ತನವೂ ಪಕ್ಷವೂ ಅಡ್ಡ ಬಾರದಿದ್ದಾಗ ಒಬ್ಬ ಸದಸ್ಯನ ಮಾತಿಗೆ ಎಷ್ಟು ಶಕ್ತಿ ಬರುತ್ತದೆಂಬುದಕ್ಕೆ ಇದು ನಿದರ್ಶನ.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ನಾವು ಕಂಡಿದ್ದೇವೆ. ಹಣ ಪಡೆದು ವ್ಯಾಪಾರಿ ಸಂಘವೊಂದರ ಪರವಾಗಿ ಪ್ರಶ್ನೆ ಕೇಳಿದ ಆರೋಪದ ಮೇಲೆ ಎಚ್.ಜಿ. ಮುದ್ಗಲ್ ಅವರು 1951ರಲ್ಲಿ ಸಂಸತ್ತಿನ ಸದಸ್ಯತ್ವ ಕಳೆದುಕೊಳ್ಳಬೇಕಾಯಿತು. 2005ರ ಡಿಸೆಂಬರಿನಲ್ಲಿ ಇಂತಹುದೇ ಆರೋಪದ ಮೇಲೆ ಲೋಕಸಭೆಯ 10 ಮಂದಿ, ರಾಜ್ಯಸಭೆಯ ಒಬ್ಬರು ಉಚ್ಚಾಟನೆಗೊಂಡರು. ಜನರ ಬಾಯಾಗಬೇಕಾದವರು ಬಾಯನ್ನೇ ಮಾರಿಕೊಂಡರೆ ಅದಕ್ಕಿಂತ ದೊಡ್ಡ ದ್ರೋಹ ಯಾವುದು? ಪ್ರಶ್ನೋತ್ತರದ ಸಮಯವನ್ನು ಗದ್ದಲದಲ್ಲಿ ಮುಳುಗಿಸುವುದೂ ಜನರ ಹಕ್ಕಿಗೆ ಮಾಡುವ ಅನ್ಯಾಯವೇ ಸರಿ.

ಪ್ರಶ್ನೆ ಹುಟ್ಟುವುದು ನಮ್ಮ ಹೊಸ್ತಿಲಲ್ಲಿ

ಇಷ್ಟೆಲ್ಲ ಹೇಳಿ ತಪ್ಪನ್ನು ಪ್ರತಿನಿಧಿಗಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನಾವು ನಮ್ಮ ಶಾಸಕರ ಮನೆಗೆ ಯಾವ ಕೆಲಸಕ್ಕೆ ಹೋಗುತ್ತೇವೆ ಎಂಬುದನ್ನು ಒಮ್ಮೆ ಮನಸ್ಸಾಕ್ಷಿಯನ್ನು ಕೇಳಿಕೊಳ್ಳೋಣ. ಮಗನ ವರ್ಗಾವಣೆಗೆ ಶಿಫಾರಸು ಪತ್ರ ಬೇಕು. ಮದುವೆಗೆ ಅವರು ಬಂದು ಅಕ್ಷತೆ ಹಾಕಬೇಕು, ಬಾರದಿದ್ದರೆ ಮುನಿಸು. "ಸಾಹೇಬರೇ, ನಮ್ಮ ಊರಿನ ಶಾಲೆಯ ಕೋಣೆಗೆ ಮಂಜೂರಾದ ಹಣ ಏನಾಯಿತೆಂದು ಈ ಅಧಿವೇಶನದಲ್ಲಿ ಕೇಳಿರಿ" ಎಂದು ದಿನಾಂಕ, ಅಂಕಿ-ಅಂಶಗಳೊಂದಿಗೆ ಅರ್ಜಿ ಹಿಡಿದು ಹೋದವರು ನಮ್ಮಲ್ಲಿ ಎಷ್ಟು ಮಂದಿ? ಮದುವೆಗೆ ಬಂದದ್ದನ್ನು ವರ್ಷಗಟ್ಟಲೆ ನೆನೆಯುವ ನಾವು, ಅವರು ಸದನದಲ್ಲಿ ಏನು ಕೇಳಿದರೆಂಬುದನ್ನು ವಿಚಾರಿಸುವುದೇ ಇಲ್ಲ. ಮತದಾರರು ಯಾವುದನ್ನು ಮೆಚ್ಚುತ್ತಾರೋ ಪ್ರತಿನಿಧಿಗಳು ಅದನ್ನೇ ಮಾಡುತ್ತಾರೆ.

ಆದ್ದರಿಂದ ಪ್ರತಿ ಕುಟುಂಬವೂ ಮಾಡಬಹುದಾದ ಕೆಲಸಗಳು ಕೆಲವಿವೆ. ಊರಿನ ಅಂಗನವಾಡಿ, ಶಾಲೆ, ಆಸ್ಪತ್ರೆ, ಪಡಿತರ ಅಂಗಡಿಗಳ ಕೊರತೆಯನ್ನು ದಿನಾಂಕಸಹಿತ ಬರೆದಿಡಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯನ್ನು ಬಳಸಿ ಮಂಜೂರಾತಿ ಮತ್ತು ವೆಚ್ಚದ ವಿವರ ಪಡೆಯಬಹುದು. 1993ರ ಪಂಚಾಯತ್ ರಾಜ್ ಕಾಯಿದೆಯು ಹಳ್ಳಿಗರಿಗೆ ಗ್ರಾಮಸಭೆಯನ್ನು ಕೊಟ್ಟಿದೆ. ಅಲ್ಲಿಗೆ ಗಂಡಸರಷ್ಟೇ ಅಲ್ಲ, ತಾಯಂದಿರೂ ಸೊಸೆಯಂದಿರೂ ಹೋಗಿ ಮಾತನಾಡಬೇಕು. ನೀರಿಲ್ಲದ ನಲ್ಲಿಯ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗ್ರಾಮಸಭೆಯಲ್ಲಿ ಬಗೆಹರಿಯದ ಸಂಗತಿಯನ್ನು ಲಿಖಿತವಾಗಿ ಶಾಸಕರಿಗೆ ಒಪ್ಪಿಸಬೇಕು. ಬೆಂಗಳೂರಿನ ವಿಧಾನಸೌಧದಲ್ಲಾಗಲಿ, 2012ರಲ್ಲಿ ಉದ್ಘಾಟನೆಗೊಂಡ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಾಗಲಿ ಅಧಿವೇಶನ ಮುಗಿದು ಅವರು ಊರಿಗೆ ಬಂದಾಗ, "ನಮ್ಮ ಪ್ರಶ್ನೆಗೆ ಏನು ಉತ್ತರ ಬಂತು?" ಎಂದು ವಿನಯದಿಂದಲೇ, ಆದರೆ ಬಿಡದೆ ಕೇಳಬೇಕು.

ವಿಧಾನಸೌಧದ ಹಣೆಯ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಲಾಗಿದೆ. ದೇವರ ಕೆಲಸಕ್ಕೆ ಕೊಟ್ಟ ಕಾಣಿಕೆಗೇ ಜಾತ್ರೆಯ ಮರುವಾರ ಲೆಕ್ಕ ಕೇಳುವ ನಾವು, ಸರ್ಕಾರದ ಕೆಲಸಕ್ಕೆ ಕೊಟ್ಟ ತೆರಿಗೆಗೆ ಲೆಕ್ಕ ಕೇಳಲು ಸಂಕೋಚಪಡಬೇಕಾಗಿಲ್ಲ. ಜಾತ್ರೆಯ ಸಭೆಯಲ್ಲಿ ಎಣ್ಣೆಯ ಬಾಬ್ತು ಕೇಳಿದ ಆ ಹಿಂದಿನ ಸಾಲಿನವರು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಹುಟ್ಟಿಬರಲಿ.